ಸರೀಕರ ಸಾಲಿನಿಂದ ಹೊರಗೆ



ಚಿಕ್ಕೋಡಿ ಕಡೆಯ ಒಂದು ಮನೆಗೆ ಭೇಟಿ ಕೊಟ್ಟಿದ್ದೆ. ಮಗನಿಗೆ ಹೆಣ್ಣು ನೋಡುತ್ತಿದ್ದರು. ತಾಯಿ ಚಹಾ ಕೊಡುತ್ತ ಹೇಳಿದರು: "ಹುಡುಗಿ ಭಾಳ ಚೊಲೋ ಅದಾಳ್ರಿ ಫಾದರ್, ಆದ್ರ ಅವ್ರಪ್ಪ ಚಪ್ಪಲಿ ಹೊಲಿಯಾಂವ. ಸರೀಕರ ಮುಂದ ಹೆಂಗ್ ತಲಿ ಎತ್ತೋದ್ರಿ?"

ಆ 'ಸರೀಕರು' ಕೇಳಿ ಗುರುಮಠದಲ್ಲಿ ಓದಿದ ಇಂಗ್ಲಿಷ್ ಪದವೊಂದು ನೆನಪಾಯಿತು: ಡಿಸ್‌ಪ್ಯಾರೇಜ್. ಇಂದು ಅದಕ್ಕೆ ಹೀಯಾಳಿಸುವುದು, ಕೀಳಾಗಿ ಮಾತಾಡುವುದು ಎಂದರ್ಥ. ಆದರೆ ಪದ ಹುಟ್ಟಿದ್ದು ಮದುವೆಯ ಮಾತಿನಲ್ಲಿಯೇ. ಲತೀನಿನಲ್ಲಿ 'ಪಾರ್' ಎಂದರೆ ಸಮ. ಅದರಿಂದ ಹಳೆಯ ಫ್ರೆಂಚಿನ 'ಪಾರಾಜ್', ಅಂದರೆ ಅಂತಸ್ತು. ಕೆಳಗಿನವರೊಡನೆ ಮದುವೆ ಮಾಡಿಸಿ ಒಬ್ಬರನ್ನು ಸರೀಕರ ಸಾಲಿನಿಂದ ಇಳಿಸುವುದೇ ಡಿಸ್‌ಪ್ಯಾರೇಜ್. 1215ರಲ್ಲಿ ಇಂಗ್ಲೆಂಡಿನ ಅರಸ ಜಾನ್ ಒಪ್ಪಿದ ಮ್ಯಾಗ್ನಾ ಕಾರ್ಟಾದಲ್ಲಿ, ವಾರಸುದಾರರಿಗೆ ಹಾಗೆ ಮದುವೆ ಮಾಡಬಾರದೆಂಬ ಕಲಮೇ ಇದೆ. ಉಳ್ಳವರ ಮಾನ ಕಾಯಲು ಹುಟ್ಟಿದ ಪದವದು! ಇಲ್ಲದವರ ಮಾನದ ಚಿಂತೆ ಅದಕ್ಕಿರಲಿಲ್ಲ.

ನಜರೇತಿನವರು ಯೇಸುಸ್ವಾಮಿಗೆ ಮಾಡಿದ್ದೂ ಇದನ್ನೇ. ಬೋಧನೆ ಕೇಳಿ ಬೆರಗಾದರು. ಮರುಗಳಿಗೆಯೇ, ಇವನು ನಮ್ಮೂರ ಬಡಗಿಯಲ್ಲವೇ, ಮರಿಯಳ ಮಗನಲ್ಲವೇ ಎಂದರು. ಬೋಧನೆಯಲ್ಲಿ ತಪ್ಪು ಸಿಗಲಿಲ್ಲ, ಕಸುಬು ಸಿಕ್ಕಿತು. ಕೆಲವೇ ರೋಗಿಗಳನ್ನು ಗುಣಪಡಿಸಿದ್ದು ಬಿಟ್ಟರೆ ಅಲ್ಲಿ ಯಾವ ಮಹತ್ಕಾರ್ಯವನ್ನೂ ಮಾಡಲಾಗಲಿಲ್ಲವೆಂದು ಸಂತ ಮಾರ್ಕರು ಬರೆಯುತ್ತಾರೆ. ನಷ್ಟ ಯಾರಿಗಾಯಿತು, ನೀವೇ ಹೇಳಿ.

ನಮ್ಮ ಅಥಣಿ, ನಿಪ್ಪಾಣಿ, ರಾಯಬಾಗ ಕಡೆ ಹೊಲಿದ ಚಪ್ಪಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಲೋಕವೆಲ್ಲ ತಿರುಗುತ್ತದೆ. 2018-19ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ನಮ್ಮ 4 ಜಿಲ್ಲೆಗಳೂ ಪಟ್ಟಿಯಲ್ಲಿದ್ದವು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯ ಚಪ್ಪಲಿಯನ್ನು ಮೂಲ ಹೇಳದೆ ಮಿಲಾನಿನಲ್ಲಿ ಪ್ರದರ್ಶಿಸಿದಾಗ ನಾವೆಲ್ಲ ಸಿಟ್ಟಾದೆವು. ಸಿಟ್ಟು ಸರಿಯೇ. ಆದರೆ ಹೊಲಿದವನ ಮಗಳು ಸೊಸೆಯಾಗಿ ಬರುವಾಗ?

ಆ ತಾಯಿಗೆ ಆ ದಿನ ನಾನು ಇದಾವುದನ್ನೂ ಹೇಳಲಿಲ್ಲ. ಮನೆಯವರಿಗೆ ಬೇಸರವಾದೀತೆಂದು ಸುಮ್ಮನೆ ಚಹಾ ಕುಡಿದು ಎದ್ದೆ. ಬಾಗಿಲಲ್ಲಿ ಮೆಟ್ಟಿಕೊಂಡದ್ದು ಅಥಣಿಯ ಚಪ್ಪಲಿ. ಈ ವಾರ ಮತ್ತೆ ಆ ಮನೆಗೆ ಹೋಗುವವನಿದ್ದೇನೆ.