ಗೆರೆಯ ಮೇಲೆ ಬಿದ್ದ ಚೆಂಡು

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂದು ಹಿರಿಯರು ಹೇಳುತ್ತಾರೆ. ದೇಶ ಸುತ್ತುವವನ ಕೈಯಲ್ಲಿ ಒಂದು ಟೆನಿಸ್ ರ‍್ಯಾಕೆಟ್ಟೂ ಇದ್ದರೆ ಏನಾಗುತ್ತದೆಂಬುದನ್ನು ಮಾತ್ರ ಅವರು ಹೇಳಿಲ್ಲ. ನನ್ನ ಅನುಭವದ ಮಟ್ಟಿಗೆ, ಅವನಿಗೆ ಹೋದ ಊರಿನಲ್ಲೆಲ್ಲ ಗೆಳೆಯರು ಸಿಗುತ್ತಾರೆ. ಆದರೆ ಸಿಕ್ಕವರಲ್ಲಿ ಉಳಿಯುವವರೆಷ್ಟು? ಉಳಿಯುವುದಾದರೆ ಯಾವುದರ ಬಲದಿಂದ? ಈ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ.

ಸಾಮಾನ್ಯವಾಗಿ ಪ್ರಯಾಣದ ಸ್ನೇಹ ನಿಲ್ದಾಣದವರೆಗೆ ಮಾತ್ರ. ಪುಣೆಯಲ್ಲಿ ರೈಲು ಹತ್ತಿ ಸೊಲ್ಲಾಪುರ ತಲುಪುವಷ್ಟರಲ್ಲಿ ಎದುರಿನವರ ಮಗಳ ಮದುವೆ, ಅಳಿಯನ ನೌಕರಿ, ಅವರ ಸಕ್ಕರೆ ಕಾಯಿಲೆ ಎಲ್ಲವೂ ನಮಗೆ ತಿಳಿದಿರುತ್ತವೆ. ಕಲಬುರಗಿಯಲ್ಲಿ ಅವರು ಇಳಿದುಹೋದ ಮೇಲೆ ಹೆಸರೂ ನೆನಪಿರುವುದಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಆ ಸ್ನೇಹ ನಮ್ಮಿಂದ ಏನನ್ನೂ ಕೇಳಲಿಲ್ಲ. ಹಾಗಾಗಿ ನಮ್ಮಲ್ಲಿ ಏನನ್ನೂ ಉಳಿಸಿ ಹೋಗಲಿಲ್ಲ.

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ಎರಡು ಭಾಗಗಳನ್ನು ಸ್ನೇಹದ ವಿಚಾರಕ್ಕೇ ಮೀಸಲಿಟ್ಟಿದ್ದಾನೆ. ಪ್ರಯೋಜನಕ್ಕಾಗಿ ಬೆಳೆಯುವ ಸ್ನೇಹ, ಸಂತೋಷಕ್ಕಾಗಿ ಬೆಳೆಯುವ ಸ್ನೇಹ, ಒಬ್ಬರೊಳಗಿನ ಒಳ್ಳೆಯತನವನ್ನು ಇನ್ನೊಬ್ಬರು ಕಂಡು ಬೆಳೆಯುವ ಸ್ನೇಹ ಎಂದು ಅವನು ಮೂರು ಬಗೆ ಮಾಡುತ್ತಾನೆ. ಮೊದಲ ಎರಡು, ಕಾರಣ ತೀರಿದೊಡನೆ ತೀರುತ್ತವೆ. ಕೊನೆಯದು ಮಾತ್ರ ಬಾಳುತ್ತದೆ. ಆದರೆ ಅದಕ್ಕೆ ಕಾಲ ಬೇಕು. ಜೊತೆಯಲ್ಲಿ ಉಪ್ಪು ತಿನ್ನದೆ ಒಬ್ಬರನ್ನೊಬ್ಬರು ಅರಿಯಲಾಗದು ಎಂಬ ಗಾದೆಯನ್ನು ಅವನು ನೆನೆಯುತ್ತಾನೆ. ಉಪ್ಪಿನ ಋಣವನ್ನು ಬಲ್ಲ ನಮಗೆ ಇದು ಹೊಸ ಮಾತಲ್ಲ. ಈ ಲೆಕ್ಕದಲ್ಲಿ ಆಟದ ಗೆಳೆತನ ಸಂತೋಷದ ಗುಂಪಿಗೆ ಸೇರಬೇಕು. ಮೊಣಕಾಲು ನೋವು ಶುರುವಾದ ದಿನವೇ ಮುಗಿಯಬೇಕು. ಹಲವು ಸಲ ಅದು ಹಾಗೆ ಮುಗಿಯುವುದಿಲ್ಲ. ಏಕೆ?

2012ರಲ್ಲಿ ಇಲಾಖೆಯ ತರಬೇತಿಗೆಂದು ನಾನು ಮೂರು ವಾರ ಹೈದರಾಬಾದಿಗೆ ಹೋಗಿದ್ದೆ. ಬೆಳಗಿನ ಹೊತ್ತು ಸಮೀಪದ ಕೆಮ್ಮಣ್ಣಿನ ಕೋರ್ಟಿನ ಬೇಲಿಯ ಬಳಿ ರ‍್ಯಾಕೆಟ್ ಹಿಡಿದು ನಿಂತೆ. ಡಬಲ್ಸ್ ಆಟಕ್ಕೆ ನಾಲ್ವರು ಬೇಕು; ಲೋಕದಲ್ಲಿ ಎಲ್ಲ ಕಡೆಯೂ ನಾಲ್ಕನೆಯವನು ತಡವಾಗಿ ಬರುತ್ತಾನೆ. ಒಳಗಿನಿಂದ ಒಬ್ಬರು ಕೈಬೀಸಿ ಕರೆದರು. ನನ್ನ ಹುದ್ದೆ, ಜಾತಿ, ಭಾಷೆ ಯಾವುದನ್ನೂ ಕೇಳಲಿಲ್ಲ. ಎಡಬದಿಯೋ ಬಲಬದಿಯೋ ಎಂದಷ್ಟೇ ಕೇಳಿದರು. ಅವರು ಶಾಲಾ ಶಿಕ್ಷಕರು, ನನಗಿಂತ ಹತ್ತು ವರ್ಷ ಹಿರಿಯರು. ಅವರದು ತೆಲುಗು, ನನ್ನದು ಕನ್ನಡ; ಮಾತೆಲ್ಲ ಹರಕು ಹಿಂದಿಯಲ್ಲಿ. ಎರಡನೆಯ ವಾರದಲ್ಲಿ ಅವರ ಮನೆಯ ಗೋಂಗೂರ ಪಚ್ಚಡಿ ತಿಂದೆ. ಉಪ್ಪಿನ ಋಣವೂ ಆಯಿತು.

ಇಲ್ಲಿ ಟೆನಿಸ್ಸಿನ ಒಂದು ನಿಯಮವನ್ನು ಹೇಳಬೇಕು. ನಮ್ಮಂಥವರ ಆಟಕ್ಕೆ ಅಂಪೈರ್ ಇರುವುದಿಲ್ಲ. ಬಲೆಯ ಈಚೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಈಚೆಯವನೇ ಹೇಳಬೇಕು. ಚೆಂಡು ಗೆರೆಯನ್ನು ಒಂದಿಷ್ಟು ತಾಕಿದರೂ ಒಳಗೆ. ಸಂಶಯ ಬಂದರೆ ಅದರ ಲಾಭ ಎದುರಾಳಿಗೆ. ಯೋಚಿಸಿ ನೋಡಿ: ಯಾವ ಕಚೇರಿಯಲ್ಲಿ, ಯಾವ ನ್ಯಾಯಾಲಯದಲ್ಲಿ ಕಕ್ಷಿದಾರನನ್ನೇ ನ್ಯಾಯಾಧೀಶನನ್ನಾಗಿ ಕೂಡಿಸುತ್ತಾರೆ?

ಹೊರಡುವ ದಿನ ಬೆಳಿಗ್ಗೆ ನಾವಿಬ್ಬರೇ ಒಂದು ಸೆಟ್ ಆಡಿದೆವು. ಐದು-ಐದು ಸಮ, ನನ್ನ ಸರ್ವ್, 30-40. ಅವರು ಎತ್ತಿ ಹೊಡೆದ ಚೆಂಡು ನನ್ನ ಹಿಂದಿನ ಗೆರೆಯ ಬಳಿ ಬಿತ್ತು. ‘ಔಟ್’ ಎಂದೆ. ಅವರು ಮರುಮಾತಿಲ್ಲದೆ ತಮ್ಮ ಜಾಗಕ್ಕೆ ಹಿಂತಿರುಗಿದರು. ಆಗ ತಿರುಗಿ ನೋಡಿದೆ. ಕೆಮ್ಮಣ್ಣಿನಲ್ಲಿ ಚೆಂಡಿನ ಗುರುತು ಸುಳ್ಳು ಹೇಳುವುದಿಲ್ಲ. ಸುಣ್ಣದ ಗೆರೆಯ ಅಂಚು ಅಳಿಸಿತ್ತು. ‘ಕ್ಷಮಿಸಿ, ಒಳಗೆ’ ಎನ್ನಲು ಒಂದು ಕ್ಷಣ ಸಾಕಾಗಿತ್ತು. ನಾನು ಬೂಟಿನಿಂದ ಆ ಗುರುತನ್ನು ಒರೆಸಿದೆ. ಸೆಟ್ 7-5ರಿಂದ ನನ್ನದಾಯಿತು. ಅವರು ಸ್ಟೇಷನ್ನಿಗೆ ಬಂದು, ನನ್ನ ಚೀಲವನ್ನು ತಾವೇ ಹೊತ್ತು, ರೈಲು ಹತ್ತಿಸಿದರು.

ಕಣ್ಣು ತಪ್ಪು ಮಾಡುವುದು ಸಹಜ. ಆದರೆ ಬೂಟು ಮಾಡಿದ್ದು ಕಣ್ಣಿನ ತಪ್ಪಲ್ಲ. ಆಮೇಲೆ ಪ್ರತಿ ಯುಗಾದಿಗೆ ಅವರ ಫೋನ್ ಬಂದಾಗಲೂ ನನ್ನ ದನಿಯಲ್ಲಿ ಒಂದು ಸಣ್ಣ ಕೃತಕತೆ ನನಗೇ ಕೇಳಿಸುತ್ತಿತ್ತು. ಅವರಿಗಿದ್ದದ್ದು ಒಬ್ಬ ಪ್ರಾಮಾಣಿಕನ ಗೆಳೆತನ. ಆ ಪ್ರಾಮಾಣಿಕ ನಾನಲ್ಲ.

ಆ ದಿನಗಳಲ್ಲಿ ಜರ್ಮನಿಯ ಆಟಗಾರ ಗಾಟ್‌ಫ್ರೀಡ್ ಫಾನ್ ಕ್ರಾಮ್‌ನ ಕಥೆಯನ್ನು ಓದಿದೆ. 1935ರಲ್ಲಿ ಅಮೆರಿಕದ ವಿರುದ್ಧ ಡೇವಿಸ್ ಕಪ್ ಡಬಲ್ಸ್ ಗೆಲುವಿನ ಅಂಚಿನಲ್ಲಿದ್ದಾಗ, ಚೆಂಡು ತನ್ನ ರ‍್ಯಾಕೆಟ್ಟಿಗೆ ತಾಕಿತೆಂದು ಅವನೇ ಹೇಳಿದ. ಪಾಯಿಂಟ್ ಹೋಯಿತು, ಪಂದ್ಯವೂ ಹೋಯಿತು. 1938ರಲ್ಲಿ ನಾಜಿ ಸರಕಾರ ಅವನನ್ನು ಸೆರೆಗೆ ತಳ್ಳಿದಾಗ ಪ್ರತಿಭಟಿಸಿ, ಇತರ ಕ್ರೀಡಾಪಟುಗಳ ಸಹಿ ಕೂಡಿಸಿ ಹಿಟ್ಲರನಿಗೆ ಪತ್ರ ಬರೆದವನು ಅವನ ಅಮೆರಿಕದ ಎದುರಾಳಿ ಡಾನ್ ಬಜ್. ಬಲೆಯಾಚೆಗಿನವನೇ ಕಷ್ಟಕಾಲಕ್ಕೆ ಒದಗಿದ. ನನ್ನ ಬೂಟಿನ ನೆನಪಾಗಿ ಪುಸ್ತಕ ಮುಚ್ಚಿದೆ.

2019ರ ಜನವರಿಯ ಮೊದಲ ವಾರ ಅವರು ನಮ್ಮ ಚಿಂಚವಾಡದ ಮನೆಗೆ ಬಂದರು. 2018ರಿಂದ 2023ರವರೆಗೆ ಪುಣೆಯ ಬಾಲೇವಾಡಿಯಲ್ಲಿ ಅಂತರರಾಷ್ಟ್ರೀಯ ಟೆನಿಸ್ ಪಂದ್ಯಾವಳಿ ನಡೆಯುತ್ತಿತ್ತು. ಆ ವರ್ಷ ನಮ್ಮ ಕೊಡಗಿನ ರೋಹನ್ ಬೋಪಣ್ಣ ದಿವಿಜ್ ಶರಣ್ ಜೊತೆಗೂಡಿ ಡಬಲ್ಸ್ ಪ್ರಶಸ್ತಿ ಗೆದ್ದರು. ಪಂದ್ಯ ನೋಡಿ ಬಂದ ರಾತ್ರಿ, ಊಟವಾದ ಮೇಲೆ, ಅವರ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ.

‘ಹೋಗಲಿ ಬಿಡಿ ಸಾರ್, ಆಟ ತಾನೆ’ ಎನ್ನುತ್ತಾರೆಂದು ನಿರೀಕ್ಷಿಸಿದ್ದೆ. ಅವರು ಹಾಗೆನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಆ ಗೇಮ್ ನನ್ನದು. ಆರು-ಐದು. ನನ್ನ ಸರ್ವ್’ ಎಂದರು. ಮಾರನೆಯ ಬೆಳಿಗ್ಗೆ ನಮ್ಮ ವಸತಿಗೃಹಗಳ ಕೋರ್ಟಿನಲ್ಲಿ, ಏಳು ವರ್ಷದ ಹಿಂದಿನ ಆ ಸೆಟ್ಟನ್ನು ಆರು-ಐದರಿಂದ ಮುಂದುವರಿಸಿದೆವು. ಅವರು ಗೆದ್ದರು.

ನಾನು ಬಯಸಿದ್ದ ಸುಲಭದ ಕ್ಷಮೆ ಸಿಕ್ಕಿದ್ದರೆ ನನ್ನ ತಪ್ಪೂ ಅಗ್ಗವಾಗುತ್ತಿತ್ತು, ಅವರ ಸೋಲೂ ಅಗ್ಗವಾಗುತ್ತಿತ್ತು. ಅವರು ಲೆಕ್ಕ ತಿದ್ದಿದರು. ತಿದ್ದಿದ ಮೇಲೆ ಆಟ ಮುಂದುವರಿಸಿದರು. ಗೆಳೆತನವೆಂದರೆ ಲೆಕ್ಕವನ್ನೇ ಇಡದಿರುವುದು ಎಂದು ಹೇಳುವವರುಂಟು. ಸರಿಯಾದ ಲೆಕ್ಕವಿಟ್ಟೂ ಮುನಿಯದಿರುವುದು ಅದಕ್ಕಿಂತ ದೊಡ್ಡದೆಂದು ನನಗೆ ಆ ಬೆಳಿಗ್ಗೆ ಅನ್ನಿಸಿತು.

ಬರಿಯ ಆಟದ ಪ್ರೀತಿ ಇಷ್ಟನ್ನು ಮಾಡಲಾರದು. ಲಿಯಾಂಡರ್ ಪೇಸ್, ಮಹೇಶ್ ಭೂಪತಿ 1999ರಲ್ಲಿ ಫ್ರೆಂಚ್ ಓಪನ್ ಹಾಗೂ ವಿಂಬಲ್ಡನ್ ಡಬಲ್ಸ್ ಗೆದ್ದರು. ಡೇವಿಸ್ ಕಪ್‌ನಲ್ಲಿ ಸತತ 24 ಡಬಲ್ಸ್ ಪಂದ್ಯ ಗೆದ್ದು ದಾಖಲೆ ಮಾಡಿದರು. ಆದರೂ ಅವರ ನಡುವೆ ಬಿರುಕು ಬಿಟ್ಟಿತು. ಆ ಕಥೆಯನ್ನು 2021ರ ಸಾಕ್ಷ್ಯಚಿತ್ರ ಸರಣಿಯೊಂದರಲ್ಲಿ ಅವರೇ ಹೇಳಿಕೊಂಡರು. ಆಟ ಹೊಂದುವುದು ಬೇರೆ, ಮನಸ್ಸು ಹೊಂದುವುದು ಬೇರೆ. ಇನ್ನೊಂದೆಡೆ ಬೋಪಣ್ಣ ಮತ್ತು ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ. ಯುದ್ಧ ನಿಲ್ಲಿಸಿ, ಟೆನಿಸ್ ಆರಂಭಿಸಿ ಎಂಬ ಬರಹವುಳ್ಳ ಉಡುಪು ತೊಟ್ಟು ಅವರು ಅಂಕಣಕ್ಕಿಳಿದರು. 2010ರಲ್ಲಿ ಅಮೆರಿಕನ್ ಓಪನ್ ಫೈನಲ್ ತಲುಪಿದಾಗ ವಿಶ್ವಸಂಸ್ಥೆಯಲ್ಲಿದ್ದ ಎರಡೂ ದೇಶಗಳ ರಾಯಭಾರಿಗಳು ಜೊತೆಯಲ್ಲಿ ಕುಳಿತು ಆಟ ನೋಡಿದರು. 2012ರಲ್ಲಿ ಬೋಪಣ್ಣ ಒಲಿಂಪಿಕ್ಸ್‌ನ ತಯಾರಿಗೆಂದು ಭೂಪತಿಯವರ ಜೊತೆ ಸೇರಿದರು. ಆದರೂ 2014ರಲ್ಲಿ ಬೋಪಣ್ಣ, ಖುರೇಷಿ ಮತ್ತೆ ಒಂದಾಗಿ ದುಬೈಯಲ್ಲಿ ಪ್ರಶಸ್ತಿ ಗೆದ್ದರು. ಅಗಲಿದ್ದು ಅವರಿಗೆ ಮುನಿಸಿಗೆ ಕಾರಣವಾಗಲಿಲ್ಲ.

ಹಾಗಾದರೆ ಅರಿಸ್ಟಾಟಲನ ಮೂರು ಬಗೆಗಳ ನಡುವೆ ಒಂದು ಬಾಗಿಲಿದೆಯೆಂದು ನನ್ನ ಎಣಿಕೆ. ಸಂತೋಷಕ್ಕಾಗಿ ಕೋರ್ಟಿಗೆ ಹೋಗುತ್ತೇವೆ. ಅಲ್ಲಿ ದಿನಕ್ಕೆ ಹತ್ತು ಸಲವಾದರೂ ನಮ್ಮ ಲಾಭಕ್ಕೆ ವಿರುದ್ಧವಾಗಿ ಸತ್ಯ ಹೇಳಬೇಕಾಗುತ್ತದೆ; ಎದುರಿನವನು ಅದನ್ನು ಪರೀಕ್ಷಿಸದೆ ನಂಬುತ್ತಾನೆ. ವರ್ಷಗಟ್ಟಲೆ ಜೊತೆಯಲ್ಲಿ ಉಪ್ಪು ತಿಂದು ತಿಳಿಯಬೇಕಾದ್ದನ್ನು ಕೋರ್ಟು ಮೂರು ವಾರದಲ್ಲಿ ತಿಳಿಸಿಬಿಡುತ್ತದೆ. ತಿಳಿದದ್ದು ನಮಗೆ ಹಿತವಾಗಿರುತ್ತದೆಂದು ಮಾತ್ರ ಹೇಳಲಾಗದು.

ಈಗ ಅವರ ಮೊಣಕಾಲು ಸೋತಿದೆ, ಆಟ ನಿಂತಿದೆ. ಯುಗಾದಿಯ ಫೋನ್ ನಿಂತಿಲ್ಲ. ಶುಭಾಶಯಕ್ಕೆ ಮೊದಲು, ‘ಆ ಸೆಟ್ ಯಾರದು?’ ಎಂದು ಕೇಳುತ್ತಾರೆ. ‘ನಿಮ್ಮದೇ ಸಾರ್’ ಎನ್ನುತ್ತೇನೆ. ಹೊಸ ವರ್ಷವನ್ನು ಒಂದು ಸತ್ಯದಿಂದ ಆರಂಭಿಸಿದಂತಾಗುತ್ತದೆ.