ಗೌರವಧನ, ಪ್ರೋತ್ಸಾಹಧನ, ಕೂಲಿ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ವಿಶ್ವವಿದ್ಯಾಲಯದಲ್ಲಿ ‘ಪಿಎಚ್.ಡಿ. ಆದ ಮೇಲೆ ಏನು?’ ಎಂಬ ಕಾರ್ಯಾಗಾರವೊಂದು ನಡೆಯಿತು. ಪರದೆಯ ಮೇಲೆ ಒಂದಾದ ಮೇಲೊಂದು ಪಟ್ಟಿ ಬರುತ್ತಿತ್ತು. ವಿಜ್ಞಾನದವರಿಗೆ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್, ಸಮಾಜವಿಜ್ಞಾನದವರಿಗೆ ಐಸಿಎಸ್‌ಎಸ್‌ಆರ್, ಯುಜಿಸಿ ಕೊಡುವ ರಾಧಾಕೃಷ್ಣನ್ ಹೆಸರಿನದು, ಜರ್ಮನಿಗೆ ಹೋಗುವವರಿಗೆ ಹಂಬೋಲ್ಟ್, ಯುರೋಪಿನ ಬೇರೆ ಬೇರೆ ದೇಶಗಳಿಗೆ ಮೇರಿ ಕ್ಯೂರಿ. ನಾವೆಲ್ಲ ಮೊಬೈಲ್ ಎತ್ತಿ ಸ್ಲೈಡುಗಳ ಫೋಟೊ ತೆಗೆದುಕೊಳ್ಳುತ್ತಿದ್ದೆವು. ಕೊನೆಗೆ ಪ್ರಶ್ನೆಗಳ ಸಮಯ ಬಂದಾಗ ಹಿಂದಿನ ಸಾಲಿನಿಂದ ನನ್ನ ಸೀನಿಯರ್ ಒಬ್ಬರು ಎದ್ದರು. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುವುದು.

“ಸರ್, ಪಟ್ಟಿ ಚೆನ್ನಾಗಿದೆ. ಆದರೆ ಈಗಾಗಲೇ ಮಂಜೂರಾಗಿರೋ ಫೆಲೋಶಿಪ್ಪೇ ಏಳು ತಿಂಗಳಿಂದ ಬಂದಿಲ್ಲ. ಮೆಸ್ ಬಿಲ್ ಕಟ್ಟಿಲ್ಲ, ಸಿಕ್ಕಸಿಕ್ಕವರ ಹತ್ತಿರ ಕೈಗಡ ಆಗಿದೆ. ಹೊಸದು ಸಿಗೋವರೆಗೆ ಊಟಕ್ಕೇನು ಮಾಡೋದು ಅಂತ ಯಾವ ಸ್ಲೈಡಲ್ಲಿದೆ?”

ಸಭೆ ನಕ್ಕಿತು. ವೇದಿಕೆಯ ಮೇಲಿದ್ದ ಹಿರಿಯ ಪ್ರಾಧ್ಯಾಪಕರೂ ನಕ್ಕರು. ಆಮೇಲೆ ಗಂಭೀರವಾಗಿ, “ಹಳಕಟ್ಟಿಯವರಿಗೆ ಯಾವ ಫೆಲೋಶಿಪ್ ಇತ್ತಪ್ಪಾ? ಮನೆ ಮಾರಿ ವಚನ ಅಚ್ಚು ಹಾಕಿಸಿದರು. ಸಂಶೋಧನೆ ಅಂದರೆ ತಪಸ್ಸು” ಎಂದರು. ಜೋರಾಗಿ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಅಣ್ಣ ಕೂತರು.

ಆ ಚಪ್ಪಾಳೆಯೇ ಈ ಬರಹಕ್ಕೆ ಕಾರಣ. ನಾನು ತಟ್ಟಿದ್ದು ಮಾತು ಒಪ್ಪಿಗೆಯಾಗಿದ್ದಕ್ಕೋ, ಅಥವಾ ಮುಂದಿನ ವರ್ಷ ನನಗೆ ಬೇಕಾದ ಶಿಫಾರಸು ಪತ್ರಕ್ಕೆ ಆ ಸರ್ ಸಹಿ ಹಾಕಬೇಕಾಗಿದ್ದಕ್ಕೋ ಎಂದು ಅಂದಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಎರಡನೆಯದೇ ನಿಜವಿರಬೇಕು. ಆದರೂ ಮೊದಲನೆಯದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ. ಹಳಕಟ್ಟಿಯವರ ಹೆಸರು ಕೇಳಿದರೆ ಕನ್ನಡದಲ್ಲಿ ಓದಿದ ಯಾರಿಗಾದರೂ ತಲೆ ತಾನಾಗಿ ಬಾಗುತ್ತದೆ.

ಫ.ಗು. ಹಳಕಟ್ಟಿ ವಿಜಯಪುರದ ವಕೀಲರು. ಓಲೆಗರಿಗಳನ್ನು ಊರೂರು ಅಲೆದು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಬಂತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುವಾಯಿತು. ಮನೆ ಮಾರಿ ಮುದ್ರಣಾಲಯ ಹಾಕಿದ ಕಥೆ ನಮಗೆಲ್ಲ ಗೊತ್ತು. ಇಂದು ವಚನಗಳ ಮೇಲೆ ಫೆಲೋಶಿಪ್ ತೆಗೆದುಕೊಂಡು ಪಿಎಚ್.ಡಿ. ಮಾಡುವ ಪ್ರತಿಯೊಬ್ಬರೂ ಫೆಲೋಶಿಪ್ ಇಲ್ಲದ ಆ ಮನುಷ್ಯನ ಹೆಗಲ ಮೇಲೆ ನಿಂತಿದ್ದಾರೆ. ಹಾಗಾಗಿ ಸರ್ ಹೇಳಿದ್ದು ಸುಳ್ಳಲ್ಲ.

ಆದರೆ ಸುಳ್ಳಲ್ಲದ ಮಾತನ್ನೂ ತಪ್ಪಾಗಿ ಬಳಸಬಹುದು. ಒಬ್ಬ ಮನುಷ್ಯ ತಾನಾಗಿ ಮನೆ ಮಾರಿದರೆ ಅದು ತ್ಯಾಗ. ‘ನೀನೂ ಮಾರು, ಇಲ್ಲದಿದ್ದರೆ ನೀನು ಸಂಶೋಧಕನೇ ಅಲ್ಲ’ ಎಂದು ಇನ್ನೊಬ್ಬರು ಹೇಳಿದರೆ ಅದು ವಸೂಲಿ. ಮೊದಲನೆಯದನ್ನು ಮೆಚ್ಚಬಹುದು, ಕೇಳಿ ಪಡೆಯಲಾಗದು. ತ್ಯಾಗದ ಬೆಲೆ ಇರುವುದೇ ಅದನ್ನು ಮಾಡದೆ ಇರುವ ಸ್ವಾತಂತ್ರ್ಯ ಆ ಮನುಷ್ಯನಿಗೆ ಇತ್ತು ಎಂಬುದರಲ್ಲಿ. ಆ ಸ್ವಾತಂತ್ರ್ಯವನ್ನು ಕಿತ್ತುಕೊಂಡ ಮೇಲೆ ಉಳಿಯುವುದು ಬಡತನ ಮಾತ್ರ.

ಇನ್ನೊಂದು ವಿಷಯವೂ ಇದೆ. ಮಾರಲು ಮೊದಲು ಮನೆ ಇರಬೇಕು. ನಮ್ಮ ಅಣ್ಣನಿಗೆ ಮಾರಲು ಮನೆಯಿಲ್ಲ, ಇರುವುದು ಆಶ್ರಯ ಯೋಜನೆಯಲ್ಲಿ ಅಮ್ಮನ ಹೆಸರಿಗೆ ಬಂದದ್ದು. ಸಂಶೋಧನೆಗೆ ಬರುವವರೆಲ್ಲ ತ್ಯಾಗಕ್ಕೆ ಸಿದ್ಧರಾಗಿ ಬರಬೇಕು ಎಂಬ ನಿಯಮ ಮಾಡಿದರೆ, ಕೊನೆಗೆ ತ್ಯಾಗ ಮಾಡಲು ಏನಾದರೂ ಇರುವವರಷ್ಟೇ ಒಳಗೆ ಉಳಿಯುತ್ತಾರೆ. ಆಗ ಯಾವ ಪ್ರಶ್ನೆಗಳನ್ನು ಕೇಳಬೇಕು, ಯಾವ ಓಲೆಗರಿ ಹುಡುಕಬೇಕು ಎಂಬುದನ್ನೂ ಅವರೇ ತೀರ್ಮಾನಿಸುತ್ತಾರೆ. ತಪಸ್ಸು ಎಂಬ ದೊಡ್ಡ ಮಾತು ಸದ್ದಿಲ್ಲದೆ ಒಂದು ಜರಡಿಯಾಗುತ್ತದೆ.

ಇಂಥ ಸಭೆಗಳಲ್ಲಿ ಬರುವ ಇನ್ನೊಂದು ಹೆಸರು ಸಿ.ವಿ. ರಾಮನ್. 1907ರಲ್ಲಿ ಹಣಕಾಸು ಇಲಾಖೆಗೆ ಸೇರಿದ ರಾಮನ್, 1917ರಲ್ಲಿ ಆ ದೊಡ್ಡ ಸಂಬಳ ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ಕಡಿಮೆ ಸಂಬಳಕ್ಕೆ ಬಂದರು. ದೊಡ್ಡ ನಿರ್ಧಾರವೇ ಸರಿ. ಆದರೆ ಅವರು ಬಂದದ್ದು ಕಡಿಮೆ ಸಂಬಳಕ್ಕೆ, ಸಂಬಳವಿಲ್ಲದ ಕಡೆಗಲ್ಲ. ಹತ್ತು ವರ್ಷ ಸಂಜೆ ಸಂಜೆ ಪ್ರಯೋಗ ಮಾಡುತ್ತಿದ್ದಾಗಲೂ ಬೆಳಗಿನ ಕೆಲಸ ಮನೆ ನಡೆಸುತ್ತಿತ್ತು. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಆ ದೀರ್ಘ ದುಡಿಮೆಯ ಹಿಂದೆ ಬಾಸೆಲ್ ಮಿಷನ್ ಇತ್ತು. ಜ್ಞಾನದ ಕಥೆ ಹೇಳುವಾಗ ನಾವು ದೀಪವನ್ನು ನೆನೆಯುತ್ತೇವೆ, ಎಣ್ಣೆ ಯಾರದ್ದು ಎಂದು ಕೇಳುವುದಿಲ್ಲ.

ನಮ್ಮ ಎಣ್ಣೆಗೆ ಇರುವ ಹೆಸರುಗಳನ್ನೇ ನೋಡಿ. ವಿದ್ಯಾರ್ಥಿವೇತನ, ಶಿಷ್ಯವೇತನ, ಸಹಾಯಧನ, ಪ್ರೋತ್ಸಾಹಧನ, ಗೌರವಧನ. ಪಿಎಚ್.ಡಿ. ಮುಗಿಸಿ ಅತಿಥಿ ಉಪನ್ಯಾಸಕರಾದವರಿಗೆ ಸಿಗುವುದೂ ಗೌರವಧನವೇ. ಈ ಹೆಸರುಗಳನ್ನು ಯಾರೂ ಕೆಟ್ಟ ಮನಸ್ಸಿನಿಂದ ಇಟ್ಟಿರಲಾರರು. ಆದರೆ ಒಂದೊಂದು ಹೆಸರೂ ಕೊಡುವವರ ಮತ್ತು ಪಡೆಯುವವರ ನಡುವೆ ಒಂದೊಂದು ಸಂಬಂಧ ಕಟ್ಟುತ್ತದೆ. ಕೂಲಿ ತಡವಾದರೆ ಕೇಳುವ ಹಕ್ಕಿದೆ. ಸಾಲ ತಡವಾದರೆ ಬಡ್ಡಿಯಿದೆ. ಪ್ರೋತ್ಸಾಹ ತಡವಾದರೆ? ಸ್ವಲ್ಪ ಕಡಿಮೆ ಪ್ರೋತ್ಸಾಹ ಆಯಿತು, ಅಷ್ಟೇ. ಕೊಡುವವರ ಪ್ರೀತಿಯ ಮೇಲೆ ನಿಂತದ್ದನ್ನು ಜೋರು ಮಾಡಿ ಕೇಳುವುದು ಹೇಗೆ? ಅಣ್ಣ ಎದ್ದು ಕೇಳಿದಾಗ ಸಭೆ ನಕ್ಕದ್ದು ಇದಕ್ಕೇ ಇರಬೇಕು. ಗಾರೆ ಕೆಲಸದವರು ವಾರದ ಬಟವಾಡೆ ಆಗಿಲ್ಲ ಎಂದು ಮೇಸ್ತ್ರಿಯ ಮುಂದೆ ನಿಂತರೆ ಯಾರೂ ನಗುವುದಿಲ್ಲ.

ಹೆಸರಿನ ಜೊತೆ ಅಂಕಿಯನ್ನೂ ನೋಡಬೇಕು. ಜೆಆರ್‌ಎಫ್ ಮೊತ್ತ 2019ರಲ್ಲಿ ತಿಂಗಳಿಗೆ 31,000 ರೂಪಾಯಿ ಆಯಿತು, 2023ರಲ್ಲಿ 37,000 ಆಯಿತು. ಸೀನಿಯರ್ ಹಂತಕ್ಕೆ 42,000. ಪಿಎಚ್.ಡಿ. ಮುಗಿಸಿ ಯೋಜನೆಗಳಲ್ಲಿ ರಿಸರ್ಚ್ ಅಸೋಸಿಯೇಟ್ ಆಗುವವರಿಗೆ 58,000ದಿಂದ ಆರಂಭ. ಕೇಳಲು ಕಡಿಮೆಯೇನಲ್ಲ. ನನ್ನ ಊರಿನಲ್ಲಿ ಈ ಅಂಕಿ ಹೇಳಲು ನಾಚಿಕೆಯಾಗುತ್ತದೆ. ಆದರೆ ಇದು ಸಿಗುವುದು ಕೆಲವರಿಗೆ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿದ್ದು ನೆಟ್ ಫೆಲೋಶಿಪ್ ಇಲ್ಲದೆ ಪಿಎಚ್.ಡಿ. ಮಾಡುವವರಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ತಿಂಗಳಿಗೆ 8,000 ರೂಪಾಯಿ. ಅದನ್ನೂ ನಿಲ್ಲಿಸುವ ತೀರ್ಮಾನ 2015ರಲ್ಲಿ ಆದಾಗ ವಿದ್ಯಾರ್ಥಿಗಳು ದೆಹಲಿಯ ಯುಜಿಸಿ ಕಚೇರಿಯ ಮುಂದೆ ಕೂತು ಉಳಿಸಿಕೊಂಡರು. ಒಂದೇ ಬಗೆಯ ಕೆಲಸ, ಒಂದೇ ಬಗೆಯ ಪದವಿ, ಆದರೆ ದೊಡ್ಡ ಅಂತರ.

ಪೋಸ್ಟ್ ಡಾಕ್ಟರಲ್ ಹಂತದಲ್ಲಿ ಮೊತ್ತಕ್ಕಿಂತ ಅವಧಿ ಕಾಡುತ್ತದೆ. ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಎರಡು ವರ್ಷಕ್ಕೆ, ಸಾಮಾನ್ಯ ವಯೋಮಿತಿ 35. ಮೇರಿ ಕ್ಯೂರಿಗೆ ಅರ್ಜಿ ಹಾಕುವವರು ಹೋಗಬೇಕಾದ ದೇಶದಲ್ಲಿ ಹಿಂದಿನ ಮೂರು ವರ್ಷದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇದ್ದಿರಬಾರದು. ಅಂದರೆ ಓಡಾಡುತ್ತಿರುವುದೇ ಅರ್ಹತೆ. ಎರಡು ವರ್ಷದಲ್ಲಿ ಮೊದಲ ವರ್ಷ ಕೆಲಸ, ಎರಡನೆಯ ವರ್ಷ ಮುಂದಿನ ಅರ್ಜಿ. ಇದನ್ನು ತಪಸ್ಸು ಎನ್ನುವವರು ಒಂದು ವಿಷಯ ಮರೆಯುತ್ತಾರೆ. ತಪಸ್ಸಿಗೆ ಕೂತವನನ್ನು ಎರಡು ವರ್ಷಕ್ಕೊಮ್ಮೆ ಎಬ್ಬಿಸಿ ಬೇರೆ ಮರದ ಕೆಳಗೆ ಕೂರಿಸುವುದಿಲ್ಲ.

ಇಷ್ಟು ಹೇಳಿ, ಇದು ಕೂಲಿ, ಕೂಲಿ ಎಂದೇ ಕರೆಯಿರಿ ಎಂದು ಮುಗಿಸಬಹುದಿತ್ತು. ಆದರೆ ಕೆಲಸ ಅಷ್ಟು ಹಗುರವಿಲ್ಲ. ರಜೆಗೆ ಊರಿಗೆ ಹೋದಾಗ ನನ್ನಮ್ಮ ಕೇಳುವ ಒಂದು ಪ್ರಶ್ನೆಯಿದೆ. “ದುಡ್ಡು ಕೊಡ್ತಾರಲ್ಲ, ಏನು ಕೆಲಸ ಮಾಡಿದೆ ಅಂತ ನೋಡೋದು ಯಾರು?” ಅವಳು ಕೊಂಕಿನಿಂದ ಕೇಳುವುದಲ್ಲ. ಅವಳು ಕಂಡ ಕೂಲಿಯಲ್ಲಿ ಸಂಜೆಗೆ ಎಷ್ಟು ಸಾಲು ಕಳೆ ಕಿತ್ತಿದ್ದೀಯ ಎಂಬುದು ಕಣ್ಣಿಗೆ ಕಾಣುತ್ತದೆ. ಅವಳು ಕೊಳ್ಳುವ ಸೋಪಿನ ಮೇಲಿನ ತೆರಿಗೆಯೂ ನನ್ನ ಫೆಲೋಶಿಪ್ಪಿಗೆ ಸೇರಿದೆ. ನಾನು ಹಳೆಯ ದಾಖಲೆಗಳ ನಡುವೆ ಮೂರು ತಿಂಗಳು ಕೂತು ಏನೂ ಸಿಗದೆ ಎದ್ದು ಬಂದರೆ ಆ ಮೂರು ತಿಂಗಳ ಕೂಲಿ ಯಾವ ಲೆಕ್ಕಕ್ಕೆ? ಕೂಲಿ ಎಂದ ತಕ್ಷಣ ಅಳತೆ ಬರುತ್ತದೆ. ಅಳತೆ ಬಂದ ತಕ್ಷಣ ವರ್ಷಕ್ಕೆ ಎಷ್ಟು ಲೇಖನ, ಎಷ್ಟು ಸೆಮಿನಾರ್ ಎಂಬ ಲೆಕ್ಕ ಬರುತ್ತದೆ. ದುಡ್ಡು ತೆಗೆದುಕೊಂಡು ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳು ಹುಟ್ಟಿದ್ದು ಇಂಥ ಲೆಕ್ಕದಿಂದಲೇ.

ಇದಕ್ಕೆ ನಾನು ಕಂಡುಕೊಂಡಿರುವ ಉತ್ತರಕ್ಕೆ ದಾರಿ ತೋರಿದ್ದು ಮೈಸೂರು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿ ಕಟ್ಟು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿದವರು ಅಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿ. 1909ರಲ್ಲಿ ಅದನ್ನು ಅಚ್ಚಿಗೆ ತಂದರು. ‘ಕಳೆದುಹೋದ ಅರ್ಥಶಾಸ್ತ್ರವನ್ನು ಎರಡು ವರ್ಷದಲ್ಲಿ ಹುಡುಕಿಕೊಡುತ್ತೇನೆ’ ಎಂದು ಅವರು ಅರ್ಜಿ ಹಾಕಿರಲಿಲ್ಲ, ಹಾಕಿದ್ದರೆ ಯಾವ ಸಮಿತಿಯೂ ನಂಬುತ್ತಿರಲಿಲ್ಲ. ಮೈಸೂರು ಸಂಸ್ಥಾನ ಸಂಬಳ ಕೊಟ್ಟದ್ದು ಅರ್ಥಶಾಸ್ತ್ರ ಸಿಕ್ಕಿದ್ದಕ್ಕಲ್ಲ. ಯಾವ ಕಟ್ಟು ಬಂದರೂ ಅದನ್ನು ಓದಬಲ್ಲ ಒಬ್ಬರು ಅಲ್ಲಿ ಕೂತಿರಲಿ ಎಂದು. ಊರ ಕಾವಲುಗಾರನಿಗೂ ಹೀಗೆಯೇ. ಅವನಿಗೆ ಕೂಲಿ ಹಿಡಿದ ಕಳ್ಳರ ಲೆಕ್ಕದಲ್ಲಲ್ಲ, ಎಚ್ಚರವಾಗಿದ್ದ ರಾತ್ರಿಗಳ ಲೆಕ್ಕದಲ್ಲಿ.

ಹಾಗಾದರೆ ನಾನು ಅಮ್ಮನಿಗೆ ತೀರಿಸಬೇಕಾದದ್ದು ಎಚ್ಚರವನ್ನು. ಮೂರು ತಿಂಗಳು ಏನೂ ಸಿಗದಿದ್ದರೆ ಸಿಗಲಿಲ್ಲ ಎಂದು ಬರೆಯುವುದು, ಸಿಕ್ಕಿದ್ದನ್ನು ಹಿಗ್ಗಿಸದಿರುವುದು, ಅರ್ಜಿಯಲ್ಲಿ ‘ಸಮಾಜಕ್ಕೆ ಇದರಿಂದಾಗುವ ಪ್ರಯೋಜನ’ ಎಂಬ ಕಲಮಿಗೆ ಬಂದಾಗ ಸುಳ್ಳು ಹೇಳದಿರುವುದು. ಕೊನೆಯದು ಎಲ್ಲಕ್ಕಿಂತ ಕಷ್ಟ. ಹಸಿದವರ ಕೈಯಲ್ಲಿ ಆ ಕಲಮು ಸುಳ್ಳನ್ನೇ ಬರೆಸುತ್ತದೆ. ಏಳು ತಿಂಗಳು ಹಣ ತಡೆದು ನಂತರ ಪ್ರಾಮಾಣಿಕತೆ ಬೇಡುವ ವ್ಯವಸ್ಥೆ ಕಾವಲುಗಾರನಿಗೆ ಊಟ ಕೊಡದೆ ನಿದ್ದೆ ಮಾಡಬೇಡ ಎಂದಂತೆ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಾಗುತ್ತದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ವಾಪಸು ಸುರಿದು ಬಾ ಎಂದು ಕಳಿಸಿದಳು. ಈ ಕಥೆಯನ್ನು ನಮಗೆ ಕಡಿಮೆಯಲ್ಲಿ ಬದುಕುವ ಪಾಠವಾಗಿ ಹೇಳುತ್ತಾರೆ. ಆದರೆ ಎಷ್ಟು ಸಾಕು ಎಂದು ತೀರ್ಮಾನಿಸಿದ್ದು ಯಾರು ಎಂಬುದನ್ನು ಗಮನಿಸಿ. ಅಕ್ಕಿಯ ಒಡೆಯರಲ್ಲ, ಕಣಜದ ಲೆಕ್ಕ ಇಡುವವರೂ ಅಲ್ಲ. ಒಲೆಯ ಮುಂದೆ ಕೂತ ಲಕ್ಕಮ್ಮ. ‘ಸಾಕು’ ಎಂಬುದು ದುಡಿದವರ ಬಾಯಿಂದ ಬಂದರೆ ಸಂಯಮ. ಕೊಡುವವರ ಬಾಯಿಂದ ಬಂದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕು.

ಕಾರ್ಯಾಗಾರ ಮುಗಿದ ಸಂಜೆ ಕ್ಯಾಂಟೀನಿನಲ್ಲಿ ಅಣ್ಣ ಸಿಕ್ಕರು. ನನ್ನ ಚಪ್ಪಾಳೆಯನ್ನು ಅವರು ನೋಡಿದ್ದರೋ ಇಲ್ಲವೋ, ಕೇಳಲಿಲ್ಲ. “ಹಳಕಟ್ಟಿಯವರ ವಿಷಯ ಸರ್ ಹೇಳಿದ್ದು ನಿಜಾನೇ ಕಣೋ. ಆದರೆ ಅವರು ಯಾರಿಗೂ ‘ನೀವೂ ಮಾರಿ’ ಅಂದಿರಲಿಲ್ಲ” ಎಂದರು. ನಾನು ಇಷ್ಟುದ್ದ ಬರೆದದ್ದನ್ನು ಅವರು ಒಂದು ಚಹಾ ಮುಗಿಯುವುದರೊಳಗೆ ಹೇಳಿದ್ದರು. ಚಹಾದ ದುಡ್ಡು ನಾನು ಕೊಡಲು ಹೋದೆ. ಅವರು ತಡೆದು, ಲೆಕ್ಕದ ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ಬರೆಸಿದರು.

ಮುಂದಿನ ಸಲ ಅಂಥ ಕಾರ್ಯಾಗಾರ ನಡೆದರೆ ಪಟ್ಟಿಯಲ್ಲಿ ಇನ್ನೊಂದು ಅಂಕಣ ಇರಲಿ ಎಂದು ಕೇಳಬೇಕೆಂದಿದ್ದೇನೆ. ಫೆಲೋಶಿಪ್ಪಿನ ಹೆಸರು, ಮೊತ್ತ, ವಯೋಮಿತಿ, ಕೊನೆಯ ದಿನಾಂಕ, ಇವುಗಳ ಪಕ್ಕದಲ್ಲಿ: ‘ತಿಂಗಳ ಯಾವ ತಾರೀಖಿಗೆ ಹಣ ಬರುತ್ತದೆ, ಬಾರದಿದ್ದರೆ ಯಾರನ್ನು ಕೇಳಬೇಕು’. ಕೂಲಿಗೂ ಕಾಣಿಕೆಗೂ ಇರುವ ವ್ಯತ್ಯಾಸವೆಲ್ಲ ಆ ಒಂದು ಅಂಕಣದಲ್ಲಿದೆ. ಎದ್ದು ನಿಂತು ಕೇಳಿದರೆ ಸಭೆ ಮತ್ತೆ ನಗಬಹುದು, ಶಿಫಾರಸು ಪತ್ರಕ್ಕೆ ಆಗಲೂ ಅದೇ ಸರ್ ಸಹಿ ಬೇಕಾಗಬಹುದು. ಆದರೂ ಈ ಸಲ ಚಪ್ಪಾಳೆ ತಟ್ಟಲಾರೆ ಎಂದುಕೊಂಡಿದ್ದೇನೆ.