ಉಪವೃತ್ತಿಯೂ ಸತ್ಯಶುದ್ಧ ಕಾಯಕವೂ

ಹಗಲೆಲ್ಲ ಒಬ್ಬ ಧಣಿಯ ಸಂಬಳಕ್ಕೆ ದುಡಿದು, ಇರುಳು ಮನೆಗೆ ಬಂದ ಬಳಿಕ ಸ್ವಂತ ಗಣಕಯಂತ್ರದ ಮುಂದೆ ಕುಳಿತು, ಲಗ್ನಪತ್ರಿಕೆ, ಅಂಗಡಿಯ ಫಲಕ, ಪುಸ್ತಕದ ಮುಖಪುಟ, ಜಾತ್ರೆಯ ಭಿತ್ತಿಪತ್ರ ಮೊದಲಾದವುಗಳನ್ನು ರಚಿಸಿಕೊಟ್ಟು ಹಣ ಪಡೆಯುವ ತರುಣರು ಈಗ ಊರೂರಲ್ಲಿಯೂ ಇದ್ದಾರೆ. ಅಕ್ಷರ, ಚಿತ್ರ, ಬಣ್ಣಗಳನ್ನು ಒಪ್ಪವಾಗಿ ಹೊಂದಿಸುವ ಈ ವಿದ್ಯೆಯನ್ನು ಗ್ರಾಫಿಕ್ ಡಿಸೈನ್ ಎನ್ನುತ್ತಾರೆ; ಯಾರ ಖಾಯಂ ನೌಕರಿಗೂ ಒಳಪಡದೆ, ಕೆಲಸಕ್ಕೆ ಇಷ್ಟೆಂದು ಗೊತ್ತುಮಾಡಿಕೊಂಡು ದುಡಿಯುವುದನ್ನು ಫ್ರೀಲಾನ್ಸ್ ಎನ್ನುತ್ತಾರೆ. ಸಂಬಳದ ಕೆಲಸವಿರುವಾಗ ಇಂಥ ಎರಡನೆಯ ಸಂಪಾದನೆ ಧರ್ಮಸಮ್ಮತವೇ ಎಂಬುದು ಅನೇಕ ಸದ್ಗೃಹಸ್ಥರ ಮನೆಗಳಲ್ಲಿ ಎದ್ದಿರುವ ಪ್ರಶ್ನೆ. ಮಗನು ನಡುರಾತ್ರಿಯವರೆಗೆ ದುಡಿಯುವುದನ್ನು ಕಂಡ ತಂದೆಗೆ ಹೆಮ್ಮೆಯೂ ಉಂಟು, ಅಳುಕೂ ಉಂಟು. ಆದಕಾರಣ ಇದನ್ನು ಸಮಾಧಾನಚಿತ್ತದಿಂದ ವಿಚಾರಿಸುವುದು ಯುಕ್ತವಾಗಿದೆ.

ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಸಂಬಳ ಕೊಡುವವನಿಗೆ ಸೇವಕನ ಶಕ್ತಿಯೆಲ್ಲವೂ ಸಲ್ಲತಕ್ಕದ್ದು, ಎರಡನೆಯ ಕೆಲಸವು ವಂಚನೆಯೇ ಎಂಬುದು ಒಂದು ಪಕ್ಷ. 2022ರ ಆಗಸ್ಟ್ ತಿಂಗಳಿನಲ್ಲಿ ವಿಪ್ರೋ ಸಂಸ್ಥೆಯ ಅಧ್ಯಕ್ಷರಾದ ರಿಷದ್ ಪ್ರೇಮ್‌ಜಿಯವರು ಗಣಕೋದ್ಯಮದಲ್ಲಿನ ಇಂಥ ನಡತೆಯನ್ನು ಮೋಸವೆಂದೇ ಕರೆದರು. ಪ್ರತಿಸ್ಪರ್ಧಿ ಸಂಸ್ಥೆಗಳಿಗೂ ಕೆಲಸ ಮಾಡುತ್ತಿದ್ದ 300 ಮಂದಿ ಪತ್ತೆಯಾದರೆಂದು ಮರುತಿಂಗಳು ತಿಳಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥೆಯು, ಸಂಸ್ಥೆಯ ಹಿತಕ್ಕೆ ವಿರೋಧವಾಗದ ಹೊರಗೆಲಸವನ್ನು ಮೇಲಧಿಕಾರಿಗಳ ಒಪ್ಪಿಗೆ ಪಡೆದು ಮಾಡಬಹುದೆಂದು ತನ್ನ ನೌಕರರಿಗೆ ತಿಳಿಸಿತು. ಮಾರಿದ್ದು ಹೊತ್ತನ್ನೇ ಹೊರತು ಬಾಳನ್ನಲ್ಲ, ಉಳಿದ ಹೊತ್ತಿಗೆ ತಾನೇ ಒಡೆಯನೆಂಬುದು ಎರಡನೆಯ ಪಕ್ಷ. ಎರಡರಲ್ಲಿಯೂ ಸತ್ಯಾಂಶವುಂಟು; ಆದರೆ ಒಂದೊಂದೇ ಪೂರ್ಣಸತ್ಯವಲ್ಲ.

ಶರಣರು ಕಾಯಕವನ್ನು ವಿಚಾರಿಸಿದಾಗ ಕೆಲಸದ ಹೆಸರನ್ನಾಗಲಿ ಸಂಖ್ಯೆಯನ್ನಾಗಲಿ ಮುಂದಿಟ್ಟುಕೊಳ್ಳಲಿಲ್ಲ. ಹಗ್ಗ ಹೊಸೆದ ನುಲಿಯ ಚಂದಯ್ಯನೂ ಬಟ್ಟೆ ಮಡಿಮಾಡಿದ ಮಾಚಯ್ಯನೂ ಬುಟ್ಟಿ ಹೆಣೆದ ಕೇತಯ್ಯನೂ ಅವರಿಗೆ ಸಮಾನರು. ದುಡಿಮೆ ಸತ್ಯಶುದ್ಧವೇ, ಅದರ ಫಲ ಎಲ್ಲಿಗೆ ಸಲ್ಲುತ್ತದೆ ಎಂಬುದೇ ಅವರ ಒರೆಗಲ್ಲು. ಇರುಳಿನ ಸಂಪಾದನೆಯನ್ನೂ ಈ ಕಲ್ಲಿಗೇ ತಿಕ್ಕಿ ನೋಡಬೇಕು.

ಮೊದಲನೆಯದಾಗಿ, ಕೊಟ್ಟ ಮಾತಿನ ಶುದ್ಧಿ. ಧಣಿಯ ಹೊತ್ತಿನಲ್ಲಿ, ಧಣಿಯ ಯಂತ್ರದಲ್ಲಿ ಹೊರಗಿನವರ ಕೆಲಸ ಮಾಡುವುದು ಕಳವು. ಧಣಿಯ ಗಿರಾಕಿಯನ್ನೇ ಗುಟ್ಟಾಗಿ ತನ್ನೆಡೆಗೆ ಸೆಳೆಯುವುದು ದ್ರೋಹ. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದ ಮೇರೆಗೆ, ಬೇರೆ ಕರಾರಿಲ್ಲದಿದ್ದಲ್ಲಿ, ನೌಕರನು ನೌಕರಿಯ ಅಂಗವಾಗಿ ರಚಿಸಿದ್ದಕ್ಕೆ ಧಣಿಯೇ ಮೊದಲ ಒಡೆಯನು. ಹಗಲು ಬರೆದ ಲಾಂಛನವನ್ನು ಇರುಳು ಬಣ್ಣ ಬದಲಿಸಿ ಇನ್ನೊಬ್ಬನಿಗೆ ಮಾರಿದರೆ ಪರರ ಸೊತ್ತನ್ನು ಮಾರಿದಂತೆಯೇ ಸರಿ. ಕೇಂದ್ರ ಸರಕಾರದ ನೌಕರರಿಗೆ 1964ರ ನಡತೆ ನಿಯಮಗಳ 15ನೆಯ ನಿಯಮವು ಅನ್ವಯಿಸುತ್ತದೆ: ಪೂರ್ವಾನುಮತಿಯಿಲ್ಲದೆ ವ್ಯಾಪಾರವನ್ನಾಗಲಿ ಬೇರೆ ಉದ್ಯೋಗವನ್ನಾಗಲಿ ಹಿಡಿಯಕೂಡದು, ಆದರೆ ಅಧಿಕೃತ ಕರ್ತವ್ಯಕ್ಕೆ ಕುಂದು ಬಾರದಂತೆ ಸಾಹಿತ್ಯ, ಕಲೆ, ವಿಜ್ಞಾನಗಳ ಸಾಂದರ್ಭಿಕ ಕೆಲಸ ಮಾಡಬಹುದು. ಈ ಕರ್ತವ್ಯದ ಮಾತು ಗಮನಿಸತಕ್ಕದ್ದು. ಇರುಳೆಲ್ಲ ನಿದ್ದೆಗೆಟ್ಟು ಹಗಲು ಮೇಜಿನ ಮೇಲೆ ತೂಕಡಿಸುವವನು, ಮಾರಿದ ಹೊತ್ತನ್ನೇ ಹಿಂದಕ್ಕೆ ಕಸಿದುಕೊಂಡವನಾಗುತ್ತಾನೆ.

ಸಂಬಳ ಸಾಲದು, ಮನೆಯ ಬಾಡಿಗೆಯೂ ಮಕ್ಕಳ ಶಾಲೆಯ ಶುಲ್ಕವೂ ಏರಿವೆ, ಧಣಿಯಾದರೋ ಹೆಚ್ಚಿಗೆ ಕೊಡಲೊಲ್ಲ, ಹೊರಗೆ ದುಡಿಯಲೂ ಬಿಡಲೊಲ್ಲ, ಬಡವನೇನು ಮಾಡಬೇಕು? ಈ ಆಕ್ಷೇಪವನ್ನು ಹಗುರವಾಗಿ ತಳ್ಳಲಾಗದು. ಹೊಟ್ಟೆಗೆ ಸಾಲದಷ್ಟು ಕೊಟ್ಟು ಸೇವಕನ ಇರುಳನ್ನೂ ಕಟ್ಟಿಹಾಕುವ ಧಣಿಯು ನ್ಯಾಯವಂತನಲ್ಲ. ಆದರೂ ಸಹಿಮಾಡಿದ ಕರಾರನ್ನು ಮುಚ್ಚಿ ಮುರಿಯುವುದಕ್ಕಿಂತ, ಬದಲಿಸಬೇಕೆಂದು ತೆರೆದು ಕೇಳುವುದು ಲೇಸು. ಕೇಳಿಯೂ ಒಪ್ಪದಿದ್ದರೆ ಎರಡರಲ್ಲೊಂದನ್ನು ಬಿಡುವ ಕಷ್ಟ ಬಂದೀತು. ಮುಚ್ಚುಮರೆಯ ಸಂಪಾದನೆಯ ಕಷ್ಟ ಅದಕ್ಕಿಂತ ದೊಡ್ಡದು. ಅದರಲ್ಲಿ ಒಂದು ಸುಳ್ಳನ್ನು ಕಾಯಲು ದಿನಕ್ಕೊಂದು ಸುಳ್ಳು ಬೇಕಾಗುತ್ತದೆ.

ಎರಡನೆಯದಾಗಿ, ಕೆಲಸದ ಒಳಶುದ್ಧಿ. ಹಣ ತೆತ್ತು ಕೊಳ್ಳಬೇಕಾದ ತಂತ್ರಾಂಶವನ್ನು ಕಳ್ಳಪ್ರತಿಯಾಗಿ ಬಳಸುವುದು, ಅಂತರ್ಜಾಲದಲ್ಲಿ ಕಂಡ ಪರರ ಚಿತ್ರವನ್ನು ಅಂಟಿಸಿ ತನ್ನದೆಂದು ಮಾರುವುದು, ಇವು ವಾಡಿಕೆಯಾಗಿರುವುದರಿಂದ ಶುದ್ಧವಾಗಲಾರವು. ಬಡತನದ ನೆಪಕ್ಕೂ ಇಲ್ಲಿ ಎಡೆಯಿಲ್ಲ. ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್ ಎಂಬ ತಂತ್ರಾಂಶಗಳು ಬೆಲೆಯಿಲ್ಲದೆ ದೊರೆಯುತ್ತವೆ. ಬಲೂ ತಮ್ಮ, ನೋಟೋ ಸಾನ್ಸ್ ಕನ್ನಡ ಮೊದಲಾದ ಅಕ್ಷರಶೈಲಿಗಳನ್ನು ವ್ಯಾಪಾರದ ಕೆಲಸಕ್ಕೂ ಮುಕ್ತವಾಗಿ ಬಳಸಬಹುದು. ಇನ್ನು ಕನ್ನಡದ ಬರವಣಿಗೆಗೆ ತನ್ನದೇ ಆದ ಮರ್ಯಾದೆಯುಂಟು. ಇಂಗ್ಲಿಷಿನ ಅಳತೆಗೆ ಸಾಲುಗಳನ್ನು ಒತ್ತೊತ್ತಾಗಿ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರವು ಕೆಳಗಿನ ಸಾಲಿನ ಗುಡಿಸಿನ ಮೇಲೆ ಬೀಳುತ್ತದೆ. ಅಕ್ಷರಶೈಲಿ ಬದಲಿಸುವಾಗ ಎಚ್ಚರ ತಪ್ಪಿದರೆ ಒತ್ತು ಸ್ಥಾನಪಲ್ಲಟವಾಗುತ್ತದೆ. ಸಾವಿರ ಮನೆಗಳಿಗೆ ಹಂಚುವ ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರು ತಪ್ಪಾದರೆ ಆ ಮನೆಯವರ ನೋವಿಗೆ ಬೆಲೆ ಕಟ್ಟಲಾದೀತೆ? ಇದು ಉಪವೃತ್ತಿ ತಾನೇ ಎಂಬ ಉದಾಸೀನ ಸಲ್ಲದು. ಮಾಡುವವನಿಗೆ ಅದು ಉಪವೃತ್ತಿ. ಮಾಡಿಸುವವನಿಗೆ ಅವನ ಮಗಳ ಮದುವೆ.

ಮೂರನೆಯದು ಆಶೆಯ ಶುದ್ಧಿ, ಕಠಿಣವಾದುದು ಇದೇ. ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚಿಗೆ ತಂದಾಗ, ಪತ್ನಿ ಲಕ್ಕಮ್ಮನು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆ ಮನೆಮನೆಗೂ ತಿಳಿದದ್ದೇ. ಲಕ್ಕಮ್ಮನ ಮಾತು ಎರಡನೆಯ ಸಂಪಾದನೆಯನ್ನೇ ನಿಷೇಧಿಸುತ್ತದೆಂದು ಕೆಲವರು ವಾದಿಸಬಹುದು. ಹಾಗಲ್ಲ. ಆಕೆ ದುಡಿಮೆಯನ್ನು ಹಳಿಯಲಿಲ್ಲ. ನಾಳೆಗೆಂದು ಕೂಡಿಡುವ ಮನಸ್ಸನ್ನು ಹಳಿದಳು. ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಆ ಅಕ್ಕಿ ಕದ್ದದ್ದಲ್ಲ. ಲೋಕದ ಕಾನೂನು ಮಾರಯ್ಯನನ್ನು ಹಿಡಿಯುತ್ತಿರಲಿಲ್ಲ. ಆದುದರಿಂದ ಕರಾರು ತಡೆಯದು, ಕಾಯಿದೆ ಬಿಡುತ್ತದೆ ಎಂಬಲ್ಲಿಗೆ ವಿಚಾರ ಮುಗಿಯಲಿಲ್ಲ. ತಂಗಿಯ ಮದುವೆಯ ಸಾಲ ತೀರಿಸಲು ಇರುಳು ದುಡಿಯುವವನೂ, ನೆರೆಯವನ ಕಾರಿಗಿಂತ ದೊಡ್ಡ ಕಾರು ಕೊಳ್ಳಲು ಇರುಳು ದುಡಿಯುವವನೂ ಒಂದೇ ಕೆಲಸ ಮಾಡುತ್ತಿರಬಹುದು. ಕಾಯಕ ಮಾತ್ರ ಒಂದೇ ಅಲ್ಲ. ಎರಡನೆಯವನ ಮನೆಯಲ್ಲಿ ಹೆಂಡತಿಗೆ ಆಡಲು ಮಾತಿಲ್ಲ, ಮಕ್ಕಳಿಗೆ ತಂದೆಯಿಲ್ಲ, ಪೂಜೆಗೆ ಹೊತ್ತಿಲ್ಲ. ಅಂಥ ಮನೆಗೆ ಬೇಕಾದವಳು ಇನ್ನೊಬ್ಬ ಗಿರಾಕಿಯಲ್ಲ, ಲಕ್ಕಮ್ಮ.

ಮಾಡಿಸುವವರಿಗೂ ಒಂದು ಧರ್ಮವುಂಟು. ಯಂತ್ರವೇ ಮಾಡುತ್ತದೆ, ನಿನಗೇನು ಶ್ರಮವೆಂದು ಹೇಳಿ ಹತ್ತು ಬಾರಿ ತಿದ್ದಿಸಿ, ಕಡೆಗೆ ಅರ್ಧ ಕೂಲಿ ಕೊಡುವವರುಂಟು. ದೇವರ ಕೆಲಸವೆಂದು ಹೇಳಿ ಜಾತ್ರೆಯ ಪತ್ರಿಕೆಯನ್ನು ಬಿಟ್ಟಿಯಾಗಿ ಮಾಡಿಸಿಕೊಳ್ಳುವವರೂ ಉಂಟು. ದುಡಿಯುವವನು ತಾನಾಗಿ ಅರ್ಪಿಸಿದರೆ ಅದು ದಾಸೋಹ. ದಾಕ್ಷಿಣ್ಯದಿಂದ ಕಸಿದುಕೊಂಡರೆ ಅದು ಬಿಟ್ಟಿ. ಬಿಟ್ಟಿಯಿಂದ ನಡೆದ ದೇವಕಾರ್ಯವನ್ನು ದೇವರು ಒಪ್ಪಿಯಾನೇ? ಎಷ್ಟು ಬಾರಿ ತಿದ್ದುವುದು, ಎಷ್ಟು ಹಣ, ಎಂದು ಕೊಡುವುದು ಎಂಬಿಷ್ಟನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟರೆ ಇಬ್ಬರ ಸ್ನೇಹವೂ ಉಳಿಯುತ್ತದೆ.

ಒಟ್ಟಿನಲ್ಲಿ, ಇರುಳಿನ ದುಡಿಮೆಯೆಂಬ ಕಾರಣದಿಂದಲೇ ಅದು ದೋಷವಲ್ಲ. ದುಡಿಮೆಯೆಂಬ ಕಾರಣದಿಂದಲೇ ಅದು ಪುಣ್ಯವೂ ಅಲ್ಲ. ಧಣಿಗೆ ಕೊಟ್ಟ ಮಾತು ಉಳಿದು, ಗಿರಾಕಿಗೆ ಕೊಟ್ಟ ಕೆಲಸ ನಿರ್ದುಷ್ಟವಾಗಿ, ಬಂದ ಹಣದ ಲೆಕ್ಕ ಸರಕಾರದ ಮುಂದೆಯೂ ಮನೆಯ ಮುಂದೆಯೂ ತೆರೆದಿದ್ದು, ಅದರಲ್ಲೊಂದು ಪಾಲು ಹಸಿದವರಿಗೆ ಸಲ್ಲುವುದಾದರೆ, ಆ ಗಣಕಯಂತ್ರದ ಮುಂದಣ ಪೀಠವೂ ಕಾಯಕದ ಗದ್ದುಗೆಯೇ. ಇವುಗಳಲ್ಲೊಂದು ತಪ್ಪಿದರೂ, ಎಷ್ಟೇ ಹಣ ಬರಲಿ, ಅದು ಸುರಿದು ಬರಬೇಕಾದ ಅಕ್ಕಿಯೆಂದು ಸದ್ಭಕ್ತರು ತಿಳಿಯತಕ್ಕದ್ದು.